ಗಡಿಯಾರದ ವಯಸ್ಸು

ವಯಸ್ಸನ್ನು ಗೊತ್ತುಮಾಡುವ ಕೆಲಸದಲ್ಲಿ ಉಪಾಧ್ಯಾಯರಾದ ನಮಗೆ ಸ್ವಲ್ಪಮಟ್ಟಿನ ಅನುಭವವುಂಟು. ಶಾಲೆಯ ಹಳೆಯ ಜನರಲ್ ರಜಿಸ್ಟರುಗಳನ್ನು ತೆರೆದು ನೋಡಿದರೆ, ಹಿಂದಿನ ತಲೆಮಾರಿನ ವಿದ್ಯಾರ್ಥಿಗಳಲ್ಲಿ ಎಷ್ಟೋ ಮಂದಿ ಜೂನ್ 1ನೆಯ ತಾರೀಖಿನಂದೇ ಹುಟ್ಟಿದವರೆಂದು ತಿಳಿದುಬರುತ್ತದೆ. ಆ ದಿನದಂದು ಗ್ರಹಗತಿಗಳ ವಿಶೇಷ ಅನುಗ್ರಹವೇನೂ ಇರಲಿಲ್ಲ. ಮಗುವನ್ನು ಕೈಹಿಡಿದುಕೊಂಡು ಬಂದ ತಂದೆಗೆ ಅದು ಹುಟ್ಟಿದ ದಿನ ನೆನಪಿರಲಿಲ್ಲ. "ದೊಡ್ಡ ನೆರೆ ಬಂದ ವರ್ಷ" ಎಂದೋ, "ಕಪಿಲೆ ಕರುಹಾಕಿದ ಮಾರನೆಯ ವಾರ" ಎಂದೋ ಅವನು ಹೇಳುತ್ತಿದ್ದ. ಮುಖ್ಯೋಪಾಧ್ಯಾಯರು ಮಗುವಿನ ಬಲಗೈಯನ್ನು ತಲೆಯ ಮೇಲಿನಿಂದ ತಂದು ಎಡಕಿವಿಯನ್ನು ಮುಟ್ಟಿಸಿ ನೋಡಿ, ಮುಟ್ಟಿದರೆ ಆರು ವರ್ಷ ತುಂಬಿತೆಂದು ತೀರ್ಮಾನಿಸಿ, ಶಾಲೆ ತೆರೆಯುವ ತಿಂಗಳ ಮೊದಲನೆಯ ದಿನವನ್ನೇ ಜನ್ಮದಿನವಾಗಿ ದಯಪಾಲಿಸುತ್ತಿದ್ದರು. ಆ ತಾರೀಖಿನ ಬಲದಿಂದಲೇ ಆ ಮಕ್ಕಳು ಮುಂದೆ ನೌಕರಿಗೆ ಸೇರಿದರು. ಆ ತಾರೀಖಿಗೇ ನಿವೃತ್ತರೂ ಆದರು. ಆದುದರಿಂದ ಬರೆದಿಟ್ಟ ವಯಸ್ಸು ಬೇರೆ, ನಿಜವಾದ ವಯಸ್ಸು ಬೇರೆ ಎಂಬ ವಿಚಾರ ನಮಗೆ ಹೊಸತಲ್ಲ.

ಹಳೆಯ ಕೈಗಡಿಯಾರಗಳ ಸ್ಥಿತಿಯೂ ಹೆಚ್ಚು ಕಡಿಮೆ ಹೀಗೆಯೇ. ಅದರ ಮುಖದ ಮೇಲೆ ಹನ್ನೆರಡು ಗಂಟೆಗಳನ್ನು ತೋರಿಸುವ ಗುರುತುಗಳಿರುತ್ತವೆ, ತಯಾರಕರ ಹೆಸರಿರುತ್ತದೆ. ಹುಟ್ಟಿದ ವರ್ಷ ಮಾತ್ರ ಸಾಮಾನ್ಯವಾಗಿ ಇರುವುದಿಲ್ಲ. ದಿನದ ಪ್ರತಿಯೊಂದು ಕ್ಷಣವನ್ನೂ ಎಣಿಸಿ ಹೇಳುವ ಯಂತ್ರ ತನ್ನ ವಿಷಯದಲ್ಲಿ ಹೀಗೆ ಮೌನವಾಗಿರುವುದು ವಿಚಿತ್ರವೇ ಸರಿ. ಆದರೆ ಕೇಳುವ ಕ್ರಮದಲ್ಲಿ ಕೇಳಿದರೆ ಅದೂ ಬಾಯಿ ಬಿಡುತ್ತದೆ. ಹೇಗೆ ಕೇಳಬೇಕು, ಯಾರ ಸಾಕ್ಷ್ಯವನ್ನು ಎಷ್ಟರಮಟ್ಟಿಗೆ ನಂಬಬೇಕು ಎಂಬುದನ್ನು ಈಚೆಗೆ ಒಂದು ಗಡಿಯಾರದ ನಿಮಿತ್ತದಿಂದ ನಾವು ಕಲಿತೆವು. ಅದನ್ನೇ ಈ ಪುಟಗಳಲ್ಲಿ ನಮ್ಮ ವಿದ್ಯಾರ್ಥಿಗಳಿಗೆ ತಿಳಿಸಬೇಕೆಂದಿದ್ದೇವೆ.

ಆ ಗಡಿಯಾರ ಒಬ್ಬ ಹಿರಿಯ ಉಪಾಧ್ಯಾಯರದು. ಅವರು ದಕ್ಷಿಣ ಕನ್ನಡದಿಂದ ಎಳೆಯ ವಯಸ್ಸಿನಲ್ಲಿಯೇ ಮುಂಬಯಿಗೆ ಬಂದು, ಹಗಲು ಗಿರಣಿಯೊಂದರ ಕಛೇರಿಯಲ್ಲಿ ಗುಮಾಸ್ತೆಯಾಗಿಯೂ ರಾತ್ರಿ ಕನ್ನಡ ಶಾಲೆಯಲ್ಲಿ ಉಪಾಧ್ಯಾಯರಾಗಿಯೂ ದುಡಿದವರು. ಹೋಟೆಲುಗಳಲ್ಲಿ ಕಪ್ಪುಬಸಿ ತೊಳೆದು ಬಂದ ಹುಡುಗರು ರಾತ್ರಿ ಅವರೆದುರು ಕುಳಿತು ಅಕ್ಷರ ಕಲಿಯುತ್ತಿದ್ದರು. ಮೇಜಿನ ಮೇಲೆ ಬಿಚ್ಚಿಟ್ಟ ಆ ಗಡಿಯಾರವನ್ನು ನೋಡಿಯೇ ತರಗತಿಯ ಗಂಟೆ ಹೊಡೆಯುತ್ತಿತ್ತಂತೆ. ಅವರು ತೀರಿಕೊಂಡ ಮೇಲೆ ಅವರ ಪತ್ನಿ ಡೊಂಬಿವಲಿಯ ಮನೆಯನ್ನು ಬಿಟ್ಟು ಊರಿನಲ್ಲಿರುವ ಮಗಳ ಬಳಿಗೆ ಹೊರಟು ನಿಂತಿದ್ದರು. ಮಗಳ ಮನೆಯಲ್ಲಿ ಕೀಲಿ ಕೊಡುವ ಗಡಿಯಾರ ಯಾರಿಗೂ ಬೇಕಾಗಿರಲಿಲ್ಲ.

"ಮಾಷ್ಟ್ರೇ, ಇದು ಅವರ ಕೆಲಸ ಖಾಯಂ ಆದ ವರ್ಷ, 1964ರಲ್ಲಿ, ಫೋರ್ಟಿನಲ್ಲಿ ಹೊಸತು ತೆಗೆದ ಒಮೆಗಾ. ಮೊನ್ನೆ ಒಬ್ಬ ವ್ಯಾಪಾರಿಗೆ ತೋರಿಸಿದರೆ ಪೂರಾ ನಕಲಿ, ಐನೂರು ರೂಪಾಯಿ ಕೊಡುತ್ತೇನೆ ಅಂದ. ಅರುವತ್ತು ವರ್ಷ ಅವರು ನಕಲಿ ಕಟ್ಟಿಕೊಂಡು ತಿರುಗಿದ್ದೋ? ನೀವು ಓದಿದವರು, ಸ್ವಲ್ಪ ವಿಚಾರಿಸಿ. ನಿಜವಾದರೆ ನೀವೇ ಇಟ್ಟುಕೊಳ್ಳಿ, ತೋರಿದ್ದು ಕೊಡಿ" ಎಂದರು ಆ ತಾಯಿ.

ಮೆಟ್ರಿಕ್‌ವರೆಗೆ ಕನ್ನಡದಲ್ಲಿಯೇ ಓದಿದ ನಮ್ಮ ವಿದ್ಯೆಯಲ್ಲಿ ಗಡಿಯಾರಶಾಸ್ತ್ರ ಸೇರಿರಲಿಲ್ಲ. ಆದರೂ ಆ ಪ್ರಶ್ನೆ ಕೇವಲ ಹಣಕ್ಕೆ ಸಂಬಂಧಪಟ್ಟದ್ದಲ್ಲವೆಂದು ನಮಗೆ ತೋರಿತು. ಸರಿಯಾದ ಬೆಲೆ ಕೊಡಬೇಕಾದರೆ ವಸ್ತುವಿನ ನಿಜ ತಿಳಿಯಬೇಕು; ಆ ತಾಯಿಯ ಮನಸ್ಸು ಸಮಾಧಾನವಾಗಬೇಕಾದರೂ ಅದೇ ತಿಳಿಯಬೇಕು. ಹೀಗೆ ಆಲೋಚಿಸಿ, ದಾದರಿನ ಹಳೆಯ ಕಟ್ಟಡವೊಂದರ ಮೆಟ್ಟಿಲಡಿಯಲ್ಲಿ ನಲವತ್ತು ವರ್ಷಗಳಿಂದ ಗಡಿಯಾರ ರಿಪೇರಿ ಮಾಡುತ್ತಿರುವ ಒಬ್ಬ ವೃದ್ಧರ ಬಳಿಗೆ ಹೋದೆವು. ಆ ಬೀದಿಯವರೆಲ್ಲ ಅವರನ್ನು ಚಾಚಾ ಎಂದು ಕರೆಯುತ್ತಾರೆ. ನಾವೂ ಹಾಗೆಯೇ ಕರೆದೆವು. ಒಬ್ಬರು ಕುಳಿತರೆ ಮತ್ತೊಬ್ಬರು ನಿಲ್ಲಬೇಕಾದ ಅಂಗಡಿ. ಗಾಜಿನ ಪೆಟ್ಟಿಗೆ, ಮೇಜಿನ ದೀಪ, ಚಿಮಟಗಳು, ಕಣ್ಣಿಗೆ ಸಿಕ್ಕಿಸಿಕೊಳ್ಳುವ ಕರಿಯ ಮಸೂರ—ಇಷ್ಟೇ ಅವರ ಸಂಪತ್ತು.

ಚಾಚಾ ಮೊದಲು ಗಡಿಯಾರದ ಮುಖವನ್ನು ನೋಡಿದರು. ಮುಖಫಲಕ ಹೊಳೆಯುತ್ತಿತ್ತು. ಮೇಲುಗಡೆ ಒಮೆಗಾ ಎಂಬ ಹೆಸರು, ಅದರ ಕೆಳಗೆ ಸೀಮಾಸ್ಟರ್ ಎಂಬ ಇನ್ನೊಂದು ಹೆಸರು. ಅವರು ಹೆಚ್ಚು ಹೊತ್ತು ನೋಡಲಿಲ್ಲ. "ಮಾಸ್ಟರ್‌ಜೀ, ಮುಖ ಮಾತನಾಡುವುದನ್ನು ಕೊನೆಗೆ ಕೇಳೋಣ, ಮೊದಲು ಬೆನ್ನು ಏನು ಹೇಳುತ್ತದೆ ನೋಡೋಣ" ಎಂದು ಹಿಂದಿಯಲ್ಲಿ ನುಡಿದು, ಸಣ್ಣ ಚೂರಿಯ ಅಲಗನ್ನು ಸಂದಿಗೆ ತಗುಲಿಸಿ ಬೆನ್ನಿನ ಮುಚ್ಚಳವನ್ನು ಎಬ್ಬಿಸಿದರು. ಒಳಗೆ ತಾಮ್ರದ ಛಾಯೆಯ ಹೊಂಬಣ್ಣದ ಯಂತ್ರ ಕಂಡಿತು. ಅದರ ಮೇಲೆ ತಯಾರಕರ ಹೆಸರು, ಯಂತ್ರದ ಜಾತಿಯನ್ನು ಸೂಚಿಸುವ "30 ಟಿ 2" ಎಂಬ ಗುರುತು, ಎಂಟು ಅಂಕಿಗಳ ಒಂದು ಸಂಖ್ಯೆ, ಇವು ಅಚ್ಚುಕಟ್ಟಾಗಿ ಕೊರೆದಿದ್ದುವು. ಚಾಚಾ ಮಸೂರವನ್ನು ಕಣ್ಣಿನಿಂದ ತೆಗೆದು, "ಹೃದಯ ಅಸಲಿ" ಎಂದರು. ನಮ್ಮ ಎದೆಯ ಭಾರವೂ ಅರ್ಧ ಇಳಿಯಿತು.

ಇಲ್ಲಿ ಆ ಸಂಸ್ಥೆಯ ಚರಿತ್ರೆಯನ್ನು ಸಂಕ್ಷೇಪವಾಗಿ ಹೇಳಬೇಕು. ಲೂಯಿ ಬ್ರಾಂಟ್ ಎಂಬ ತರುಣನು 1848ರಲ್ಲಿ ಸ್ವಿಟ್ಸರ್ಲೆಂಡಿನ ಲಾ ಶೋ ದ ಫೋಂ ಎಂಬ ಊರಿನಲ್ಲಿ ಗಡಿಯಾರದ ವ್ಯವಸಾಯವನ್ನು ಆರಂಭಿಸಿದನು. ಅವನ ಮಕ್ಕಳು 1880ರಲ್ಲಿ ಬೀಲ್ ಎಂಬ ಊರಿಗೆ ಕಾರ್ಖಾನೆಯನ್ನು ವರ್ಗಾಯಿಸಿದರು. 1894ರಲ್ಲಿ ಅವರು ನಿರ್ಮಿಸಿದ ಒಂದು ಯಂತ್ರಕ್ಕೆ ಗ್ರೀಕ್ ವರ್ಣಮಾಲೆಯ ಕೊನೆಯ ಅಕ್ಷರವಾದ ಒಮೆಗಾ ಎಂಬ ಹೆಸರಿಟ್ಟರು. ಮುಂದೆ ಸಂಸ್ಥೆಗೂ ಅದೇ ಹೆಸರಾಯಿತು. ನಮ್ಮ ಮುಂದಿದ್ದ ಯಂತ್ರದ ಕುಲ 1939ರಲ್ಲಿ ಹುಟ್ಟಿದ್ದು. ಅದರ ಅಗಲ 30 ಮಿಲಿಮೀಟರು. 1963ರ ವರೆಗೆ ಆ ಕುಲದ ಸುಮಾರು 30 ಲಕ್ಷ ಯಂತ್ರಗಳು ತಯಾರಾದುವು. ಎರಡನೆಯ ಮಹಾಯುದ್ಧದಲ್ಲಿ ಬ್ರಿಟಿಷ್ ಸೇನೆಗೂ ವಿಮಾನದಳಕ್ಕೂ ಹೋದ ಒಮೆಗಾ ಗಡಿಯಾರಗಳಲ್ಲಿ ಈ ಯಂತ್ರವಿತ್ತು. ಸರಳವಾದ ಕಟ್ಟಡ, ದೃಢವಾದ ನಡಿಗೆ, ಇವು ಅದರ ಗುಣಗಳು.

ಇನ್ನು ಆ ಎಂಟು ಅಂಕಿಗಳ ವಿಚಾರ. ಕಾರ್ಖಾನೆಯಲ್ಲಿ ಯಂತ್ರಗಳಿಗೆ ಕ್ರಮವಾಗಿ ಸಂಖ್ಯೆ ಹಾಕುತ್ತ ಹೋಗುತ್ತಿದ್ದರು. ಆದುದರಿಂದ ಯಾವ ವರ್ಷದಲ್ಲಿ ಸಂಖ್ಯೆ ಎಲ್ಲಿಗೆ ಮುಟ್ಟಿತ್ತೆಂಬ ಪಟ್ಟಿಯಿದ್ದರೆ ವಯಸ್ಸನ್ನು ಅಂದಾಜು ಮಾಡಬಹುದು. ಹಳೆಯ ಗಡಿಯಾರಗಳನ್ನು ಬಲ್ಲವರು ಇಟ್ಟುಕೊಂಡಿರುವ ಪಟ್ಟಿಗಳ ಪ್ರಕಾರ, ಒಮೆಗಾದ ಸಂಖ್ಯೆ 1944ರ ಸುಮಾರಿಗೆ 1 ಕೋಟಿಯನ್ನು ಮುಟ್ಟಿತು. 1947ರ ಸುಮಾರಿಗೆ 1 ಕೋಟಿ 10 ಲಕ್ಷ. 1950ಕ್ಕೆ 1 ಕೋಟಿ 20 ಲಕ್ಷ. 1952ಕ್ಕೆ 1 ಕೋಟಿ 30 ಲಕ್ಷ. ನಮ್ಮ ಗಡಿಯಾರದ ಸಂಖ್ಯೆ 1 ಕೋಟಿ 10 ಲಕ್ಷವನ್ನು ದಾಟಿ ಸ್ವಲ್ಪ ಮುಂದಿತ್ತು. ಎಂದರೆ, ನಮ್ಮ ದೇಶ ಸ್ವತಂತ್ರವಾದ ವರ್ಷದ ಆಸುಪಾಸಿನಲ್ಲಿ ಆ ಯಂತ್ರ ತಯಾರಾಯಿತು. ಸಂಖ್ಯೆಗಳನ್ನು ಗುಂಪುಗುಂಪಾಗಿ ಹಂಚಿ, ಅನುಕೂಲ ಬಂದಾಗ ಬಳಸುತ್ತಿದ್ದುದರಿಂದ ಈ ಲೆಕ್ಕದಲ್ಲಿ ಒಂದೆರಡು ವರ್ಷ ಹೆಚ್ಚು ಕಡಿಮೆ ಇದ್ದೇ ಇರುತ್ತದೆ. ಆದುದರಿಂದ ಒಬ್ಬನೇ ಸಾಕ್ಷಿಯ ಮಾತಿನ ಮೇಲೆ ತೀರ್ಪು ಕೊಡಬಾರದು, ಎರಡನೆಯವನನ್ನೂ ಕರೆಯಬೇಕು.

ಎರಡನೆಯ ಸಾಕ್ಷಿ "30 ಟಿ 2" ಎಂಬ ಗುರುತು. 1949ರ ಸುಮಾರಿಗೆ ಒಮೆಗಾದವರು ಯಂತ್ರಗಳ ಹೆಸರಿಡುವ ಪದ್ಧತಿಯನ್ನೇ ಬದಲಾಯಿಸಿದರು. ಅಳತೆಯನ್ನೂ ಅಕ್ಷರವನ್ನೂ ಸೇರಿಸಿ ಕರೆಯುವ ಹಳೆಯ ಕ್ರಮವನ್ನು ಬಿಟ್ಟು, 260, 265 ಎಂಬಂತೆ ಮೂರಂಕಿಯ ಹೆಸರುಗಳನ್ನು ಇಟ್ಟರು. ನಮ್ಮ ಯಂತ್ರ ಹಳೆಯ ಹೆಸರನ್ನೇ ಹೊತ್ತುಕೊಂಡಿದೆ. ಮೊದಲನೆಯ ಸಾಕ್ಷಿ 1947ರ ಸುಮಾರು ಎನ್ನುತ್ತಾನೆ. ಎರಡನೆಯವನು ಆ ಬದಲಾವಣೆಗೆ ಮುಂಚೆ ಎನ್ನುತ್ತಾನೆ. ಇಬ್ಬರೂ ಪರಸ್ಪರ ಮಾತಾಡಿಕೊಂಡವರಲ್ಲ. ಸ್ವತಂತ್ರವಾದ ಎರಡು ಸಾಕ್ಷ್ಯಗಳು ಕೂಡಿಬಂದರೆ ನಂಬಿಕೆಗೆ ಬಲ ಬರುತ್ತದೆ. ಇತಿಹಾಸದ ಪಾಠದಲ್ಲಿ ಶಾಸನವನ್ನೂ ನಾಣ್ಯವನ್ನೂ ಜೊತೆಯಲ್ಲಿಟ್ಟು ರಾಜನ ಕಾಲವನ್ನು ನಿರ್ಣಯಿಸುವ ಕ್ರಮವನ್ನು ನೀವು ಓದಿದ್ದೀರಿ. ಇದೂ ಅದೇ ಕ್ರಮ.

ಈಗ ಮುಖದ ಸರದಿ. ಸೀಮಾಸ್ಟರ್ ಎಂಬ ಹೆಸರಿನ ಗಡಿಯಾರಗಳನ್ನು ಒಮೆಗಾದವರು ಮೊದಲು ಹೊರತಂದದ್ದು 1948ರಲ್ಲಿ. ಯುದ್ಧಕಾಲದ ಗಡಿಯಾರಗಳ ಅನುಭವದಿಂದ, ನೀರು ಒಳಗೆ ಹೋಗದಂತೆ ರಬ್ಬರಿನ ಬಳೆಯನ್ನು ಕೂಡಿಸಿ ಮುಚ್ಚಳವನ್ನು ಭದ್ರಪಡಿಸಿದ ಗಡಿಯಾರಗಳವು. ನಮ್ಮ ಗಡಿಯಾರದ ಮುಚ್ಚಳವಾದರೋ ಡಬ್ಬಿಯ ಮುಚ್ಚಳದಂತೆ ಒತ್ತಿ ಕೂಡಿಸಿದ್ದು. ಬಳೆಯೂ ಇಲ್ಲ, ಬಳೆ ಕೂರುವ ತೋಡೂ ಇಲ್ಲ. ಚಾಚಾ ಮಸೂರವನ್ನು ನಮ್ಮ ಕೈಗೆ ಕೊಟ್ಟರು. ಆಗ ಕಂಡಿತು: ನಿಮಿಷದ ಗೆರೆಗಳು ಒಂದು ಕಡೆ ದಟ್ಟವಾಗಿಯೂ ಇನ್ನೊಂದು ಕಡೆ ವಿರಳವಾಗಿಯೂ ಇದ್ದುವು, ಅಕ್ಷರಗಳ ಅಂಚು ಮಸಿ ಹರಡಿದಂತೆ ದಪ್ಪವಾಗಿತ್ತು, ಫಲಕದ ಕೆಳಗಡೆ ಇರಬೇಕಾದ ಸ್ವಿಸ್ ಎಂಬ ಸಣ್ಣ ಬರಹ ಇರಲೇ ಇಲ್ಲ. ಯಾವಾಗಲೋ ಒಮ್ಮೆ ಮೂಲ ಫಲಕದ ಬಣ್ಣವನ್ನು ಉಜ್ಜಿ ತೆಗೆದು, ಹೊಸ ಬಣ್ಣ ಬಳಿದು, ಬೇಡಿಕೆಯಿರುವ ಹೆಸರೊಂದನ್ನು ಬರೆದಿದ್ದರು. ಈ ಕಲೆ ಮುಂಬಯಿಯಲ್ಲಿ ಹಳೆಯದು. ಪರದೇಶದ ಸಂಗ್ರಹಕಾರರು ಹೀಗೆ ಬಣ್ಣ ಬಳಿದ ಗಡಿಯಾರಗಳಿಗೆ ನಮ್ಮ ನಗರದ ಹೆಸರನ್ನೇ ಸೇರಿಸಿ ಪರಿಹಾಸ್ಯ ಮಾಡುವುದುಂಟು. ವ್ಯಾಪಾರಿ ಮುಖವನ್ನು ಮಾತ್ರ ನೋಡಿ ಪೂರಾ ನಕಲಿ ಎಂದಿದ್ದ; ಅಥವಾ ಒಳಗನ್ನು ನೋಡಿಯೂ ಹಾಗೆ ಎಂದಿದ್ದ. ಯಾವುದೆಂದು ನಾವು ಹೇಳಲಾರೆವು.

ಕೊನೆಯ ಸಾಕ್ಷಿ ಎಲ್ಲಕ್ಕಿಂತ ಸ್ವಾರಸ್ಯವಾದದ್ದು. ಗಡಿಯಾರ ರಿಪೇರಿ ಮಾಡುವವರಲ್ಲಿ, ಕೆಲಸ ಮುಗಿದ ಮೇಲೆ ಮುಚ್ಚಳದ ಒಳಮೈಯಲ್ಲಿ ಸೂಜಿಮೊನೆಯಿಂದ ತಮ್ಮ ಗುರುತನ್ನೂ ತಿಂಗಳು ವರ್ಷಗಳನ್ನೂ ಗೀಚಿಡುವ ರೂಢಿ ಬಹಳ ಕಾಲದಿಂದ ಇದೆ. ಬರಿಗಣ್ಣಿಗೆ ಅದು ಕಾಣುವುದೇ ಇಲ್ಲ. ದೀಪದ ಬೆಳಕನ್ನು ಓರೆಯಾಗಿ ಹಾಯಿಸಿದಾಗ ನಮ್ಮ ಮುಚ್ಚಳದಲ್ಲಿ ಏಳು ಗುರುತುಗಳು ಕಂಡುವು. ಮೊದಲನೆಯದು 51ನೆಯ ಇಸವಿಯದು, ಎರಡನೆಯದು 57, ಮೂರನೆಯದು 63. ಉಳಿದ ನಾಲ್ಕು 64ರ ಈಚಿನವು. ಯಾವ ಯಾವ ಬೀದಿಯ ಯಾವ ಯಾವ ಮೆಟ್ಟಿಲಡಿಯ ಕೈಗಳೋ, ಒಬ್ಬರನ್ನೊಬ್ಬರು ಕಾಣದೆಯೇ, ಒಂದೇ ತಟ್ಟೆಯಲ್ಲಿ ಸಹಿಮಾಡಿ ಹೋಗಿದ್ದುವು.

ವಿದ್ಯಾರ್ಥಿಗಳೇ, ಇಲ್ಲಿ ಸ್ವಲ್ಪ ನಿಂತು ಆಲೋಚಿಸಿ. 1947ರಲ್ಲಿ ತಯಾರಾದ ಗಡಿಯಾರ ಅಂಗಡಿಯ ಕಪಾಟಿನಲ್ಲಿಯೇ ಕುಳಿತಿದ್ದು 1964ರಲ್ಲಿ ಹೊಸದಾಗಿ ಮಾರಾಟವಾಗಿರಬಾರದೇಕೆ ಎಂದು ಯಾರಾದರೂ ಕೇಳಬಹುದು. ಆಗಿರಬಹುದಾಗಿತ್ತು. ಆದರೆ ಕಪಾಟಿನಲ್ಲಿ ಕುಳಿತ ಗಡಿಯಾರವನ್ನು ಮೂರು ಸಲ ಬಿಚ್ಚಿ ತೊಳೆಯುವವರು ಯಾರು? ಅದು ಯಾರದೋ ಕೈಯಲ್ಲಿ ದುಡಿದು, ದಣಿದು, ಮೂರು ಸಲ ಉಪಚಾರ ಪಡೆದು, ಆಮೇಲೆ ನಮ್ಮ ಹಿರಿಯ ಉಪಾಧ್ಯಾಯರ ಕೈಸೇರಿತು. ಆ ಕಾಲದ ಪರಿಸ್ಥಿತಿಯೂ ಇದಕ್ಕೆ ಹೊಂದುತ್ತದೆ. ವಿದೇಶೀ ವಿನಿಮಯದ ಅಭಾವದಿಂದ ಪರದೇಶದ ಗಡಿಯಾರಗಳ ಆಮದಿಗೆ ಆಗ ಕಟ್ಟುನಿಟ್ಟು ಬಹಳ. ಬೆಂಗಳೂರಿನಲ್ಲಿ ಎಚ್. ಎಂ. ಟಿ. ಸಂಸ್ಥೆಯವರು ಜಪಾನಿನ ಸಿಟಿಜನ್ ಸಂಸ್ಥೆಯ ನೆರವಿನಿಂದ ಗಡಿಯಾರದ ಕಾರ್ಖಾನೆಯನ್ನು ಆರಂಭಿಸಿದ್ದು 1961ರಲ್ಲಿ; ಅದು ದೇಶದ ಮನೆಮಾತಾಗಲು ಇನ್ನೂ ಕಾಲ ಬೇಕಾಗಿತ್ತು. ಅಂಥ ದಿನಗಳಲ್ಲಿ ಹೊಸದೊಂದು ಒಮೆಗಾ ಗುಮಾಸ್ತೆಯ ಸಂಬಳಕ್ಕೆ ಎಟಕುವಂತಿರಲಿಲ್ಲ. ಬಣ್ಣ ಬಳಿದ ಹಳೆಯದು ಎಟಕಿತು.

ಇನ್ನೊಂದು ಸಂಗತಿ ನಮ್ಮ ಮನಸ್ಸಿಗೆ ಬಂತು. 1906ರಲ್ಲಿ ಭಾರತದಲ್ಲಿ ಏಕರೂಪದ ಕಾಲಮಾನ ಜಾರಿಗೆ ಬಂದರೂ ಮುಂಬಯಿ ಮಾತ್ರ ತನ್ನ ಸ್ವಂತ ಕಾಲಮಾನವನ್ನು 1955ರ ವರೆಗೂ ಬಿಡಲಿಲ್ಲ. ಮುಂಬಯಿಯ ಕಾಲ ಭಾರತದ ಕಾಲಕ್ಕಿಂತ 39 ನಿಮಿಷ ಹಿಂದೆ. 1951ರಲ್ಲಿ ಈ ಗಡಿಯಾರ ಈ ನಗರದಲ್ಲಿಯೇ ಇದ್ದಿತಾದರೆ, ಅದರ ಮೊದಲನೆಯ ಒಡೆಯ ಬೆಳಿಗ್ಗೆ ಎದ್ದು ಯಾವ ಕಾಲಕ್ಕೆ ಮುಳ್ಳನ್ನು ಕೂಡಿಸುತ್ತಿದ್ದನೋ! ಗಡಿಯಾರಕ್ಕೆ ಅದರ ಚಿಂತೆಯಿಲ್ಲ. ಅದು ಎಷ್ಟು ಹೊತ್ತು ಕಳೆಯಿತೆಂಬುದನ್ನು ಮಾತ್ರ ಬಲ್ಲದು. ಈಗ ಎಷ್ಟು ಗಂಟೆಯೆಂಬುದನ್ನು ಅದಕ್ಕೆ ನಾವು ಹೇಳಿಕೊಡಬೇಕು.

ನಾವು ಕಂಡುಕೊಂಡದ್ದನ್ನು ಆ ತಾಯಿಗೆ ತಿಳಿಸುವ ಕೆಲಸ ಉಳಿದಿತ್ತು. ನಕಲಿಯಲ್ಲವೆನ್ನುವುದು ಸುಲಭ. ಹೊಸತೂ ಆಗಿರಲಿಲ್ಲವೆನ್ನುವುದು ಹೇಗೆ? ಅರುವತ್ತು ವರ್ಷ ಒಬ್ಬರು ನಂಬಿಕೊಂಡು ಬಂದ ಮಾತನ್ನು, ಹೇಳಿದವರು ಇಲ್ಲವಾದ ಮೇಲೆ, ಹೊರಗಿನವರು ಬಂದು ಸುಳ್ಳೆನ್ನಬಹುದೇ? ಹಾಗೆಂದು ಹೇಳದೆ ಬಿಟ್ಟರೆ, ನಿಜವನ್ನು ವಿಚಾರಿಸಿ ಬನ್ನಿ ಎಂದು ನಮ್ಮನ್ನು ಕಳುಹಿಸಿದುದಕ್ಕೆ ಅರ್ಥವೇನು? ಲೋಕಲ್ ಗಾಡಿಯಲ್ಲಿ ದಾದರಿನಿಂದ ಡೊಂಬಿವಲಿಯ ತನಕವೂ ಇದೇ ಯೋಚನೆ. ಕೊನೆಗೆ ಇದ್ದುದನ್ನು ಇದ್ದಂತೆ ಹೇಳಿದೆವು. ಯಂತ್ರ ಅಪ್ಪಟವಾದದ್ದು, ಮುಖದ ಬಣ್ಣ ಬೇರೆಯವರದು, ಹುಟ್ಟಿದ್ದು 1947ರ ಸುಮಾರು, 1964ಕ್ಕೆ ಮುಂಚೆ ಮೂರು ಸಲ ರಿಪೇರಿಯಾಗಿತ್ತು.

ಆ ತಾಯಿ ಗಡಿಯಾರವನ್ನು ಅಂಗೈಯಲ್ಲಿಟ್ಟುಕೊಂಡು ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ನಕ್ಕರು. "ಅದು ನನಗೆ ಅವತ್ತೇ ಗೊತ್ತಿತ್ತು ಮಾಷ್ಟ್ರೇ. ಹೊಸತಾದರೆ ಪೆಟ್ಟಿಗೆ ಇರಬೇಡವೋ? ಪಟ್ಟಿಯಲ್ಲಿ ಮತ್ತೊಬ್ಬರ ಕೈಯ ತೂತು ಹಿಗ್ಗಿತ್ತು. ಅವರು ಅಷ್ಟು ಸಂತೋಷದಲ್ಲಿ ಹೊಸತು ಅಂದರು, ನಾನು ಹೌದು ಅಂದೆ. ನಕಲಿ ಅಲ್ಲವಲ್ಲ, ಅದು ಒಂದು ಸಾಕು" ಎಂದರು. ಬೆಲೆಯ ಮಾತು ಬಂದಾಗ, ಮುಖ ಬದಲಾದ ಗಡಿಯಾರಕ್ಕೆ ಪೇಟೆಯಲ್ಲಿ ಬೆಲೆ ಬಹಳ ಇಳಿಯುತ್ತದೆಂಬುದನ್ನೂ ನಾವು ಮುಚ್ಚಿಡಲಿಲ್ಲ. ಚಾಚಾ ಕಟ್ಟಿದ ಬೆಲೆ ನಮ್ಮ ತಿಂಗಳ ಸಂಬಳದ ಅರ್ಧಕ್ಕಿಂತ ತುಸು ಹೆಚ್ಚು. ಅದನ್ನು ಎರಡು ಕಂತುಗಳಲ್ಲಿ ಸಲ್ಲಿಸಿ ಗಡಿಯಾರವನ್ನು ತಂದೆವು.

ಅದು ಆಗ ನಡೆಯುತ್ತಿತ್ತಾದರೂ ದಿನಕ್ಕೆ ಏಳೆಂಟು ನಿಮಿಷ ಹಿಂದೆ ಬೀಳುತ್ತಿತ್ತು. ಚಾಚಾ ಅದನ್ನು ಬಿಚ್ಚಿ ತೊಳೆಯುವುದನ್ನು ಒಂದು ಭಾನುವಾರವೆಲ್ಲ ಪಕ್ಕದಲ್ಲಿ ನಿಂತು ನೋಡಿದೆವು. ಮೊದಲು ಮುಖ್ಯ ಸ್ಪ್ರಿಂಗಿನ ಬಿಗಿಯನ್ನು ಮೆಲ್ಲಗೆ ಸಡಿಲಿಸಬೇಕು. ಬಿಗಿಯಿರುವಾಗಲೇ ಬಿಚ್ಚಿದರೆ ಚಕ್ರಗಳು ಬಿರುಸಾಗಿ ಸುತ್ತಿ ಹಲ್ಲು ಮುರಿದುಕೊಳ್ಳುತ್ತವೆ. ಅನಂತರ ಮುಳ್ಳುಗಳು, ಮುಖಫಲಕ, ತೂಗುಚಕ್ರ, ಅದಕ್ಕೆ ಅಂಟಿಕೊಂಡ ಕೂದಲೆಳೆಯಂಥ ಸುರುಳಿ, ಕವಲುಗೋಲು, ಹಲ್ಲಿನ ಚಕ್ರಗಳು, ಸ್ಪ್ರಿಂಗಿನ ಡಬ್ಬಿ—ಒಂದೊಂದಾಗಿ ಹೊರಗೆ ಬಂದುವು. ಎಲ್ಲವನ್ನೂ ತೊಳೆಯುವ ದ್ರವದಲ್ಲಿ ಅದ್ದಿ, ಚಕ್ರಗಳ ಅಚ್ಚು ಕೂರುವ ಕೆಂಪು ಹರಳುಗಳ ರಂಧ್ರಗಳನ್ನು ಚೂಪು ಮಾಡಿದ ಮರದ ಕಡ್ಡಿಯಿಂದ ಶುದ್ಧಿಗೊಳಿಸಿದರು. ಅಂಥ ಹರಳುಗಳು ಈ ಯಂತ್ರದಲ್ಲಿ ಹದಿನೈದು. ಅವು ಕೃತಕವಾಗಿ ತಯಾರಿಸಿದ ಮಾಣಿಕ್ಯಗಳು. ಅಲಂಕಾರಕ್ಕಾಗಿ ಇಟ್ಟವಲ್ಲ, ಉಕ್ಕು ತಿರುಗಿದರೂ ಸವೆಯದಿರಲೆಂದು ಇಟ್ಟವು.

ಕಾಯಿಲೆಯ ಕಾರಣವೂ ತಿಳಿಯಿತು. ಹಳೆಯ ಎಣ್ಣೆ ಒಣಗಿ ಅಂಟಾಗಿತ್ತು. ಅಡುಗೆಮನೆಯ ಡಬ್ಬಿಯ ಕಂಠದಲ್ಲಿ ಎಣ್ಣೆ ಜಿಗುಟಾಗುವುದನ್ನು ನೀವೆಲ್ಲ ಕಂಡಿದ್ದೀರಿ. ಗಡಿಯಾರದ ಒಳಗೆ ಸಾಸಿವೆಯ ಕಾಳಿಗಿಂತ ಎಷ್ಟೋ ಪಾಲು ಸಣ್ಣದಾದ ಎಣ್ಣೆಯ ಬಿಂದುಗಳಿರುತ್ತವೆ. ನಾಲ್ಕೈದು ವರ್ಷಗಳಲ್ಲಿ ಅವು ಆರಿಯೋ ಕೆಟ್ಟೋ ಹೋಗುತ್ತವೆ. ಆಮೇಲೆಯೂ ಓಡಿಸುತ್ತಿದ್ದರೆ ಅಂಟಿಗೆ ಸೇರಿದ ಧೂಳು ಅರದಂತೆ ಉಕ್ಕನ್ನು ತಿನ್ನುತ್ತದೆ. ನಡೆಯುತ್ತಿದೆಯಲ್ಲ, ಏಕೆ ಬಿಚ್ಚಬೇಕು ಎಂದು ಕೇಳುವವರಿಗೆ ಚಾಚಾ ಹೇಳುವ ಉತ್ತರವಿದು. ಹೊಸ ಎಣ್ಣೆಯನ್ನೂ ಅವರು ಸೂಜಿಮೊನೆಯಿಂದ ಮುಟ್ಟಿಸಿದರೇ ಹೊರತು ಸುರಿಯಲಿಲ್ಲ. ಹೆಚ್ಚಾದರೆ ಹರಿದುಹೋಗಿ ಬೇಕಾದ ಕಡೆಯೇ ಬರಿದಾಗುತ್ತದೆಯಂತೆ.

ಮುಳ್ಳುಗಳ ಮೇಲೆ ಕಂದುಬಣ್ಣದ ಒಣಗಿದ ಲೇಪವಿತ್ತು. ಅದನ್ನು ಚಾಚಾ ಕೆರೆಯಲೂ ಇಲ್ಲ, ತೊಳೆಯಲೂ ಇಲ್ಲ. ಕತ್ತಲೆಯಲ್ಲಿ ಹೊಳೆಯಲೆಂದು ಆ ಕಾಲದಲ್ಲಿ ಹಚ್ಚುತ್ತಿದ್ದ ರೇಡಿಯಂ ಅದು. ಹೊಳಪು ನಿಂತುಹೋದರೂ ರೇಡಿಯಂ ನಿಂತುಹೋಗುವುದಿಲ್ಲ. ಅದು ಅರ್ಧಕ್ಕೆ ಇಳಿಯಲು ಸುಮಾರು 1,600 ವರ್ಷ ಬೇಕು. ಅಮೆರಿಕದ ನ್ಯೂಜೆರ್ಸಿಯ ಆರೆಂಜ್ ಎಂಬ ಊರಿನ ಕಾರ್ಖಾನೆಯಲ್ಲಿ ಗಡಿಯಾರದ ಮುಖಗಳಿಗೆ ಈ ಬಣ್ಣ ಹಚ್ಚುತ್ತಿದ್ದ ಹೆಣ್ಣುಮಕ್ಕಳು, ಕುಂಚದ ತುದಿಯನ್ನು ತುಟಿಯಲ್ಲಿ ಚೂಪುಮಾಡಿಕೊಳ್ಳುತ್ತಿದ್ದು, 1920ರ ದಶಕದಲ್ಲಿ ದವಡೆ ಮೂಳೆಗಳು ಕೊಳೆತು ಪ್ರಾಣ ಕಳೆದುಕೊಂಡರು. ಗಾಜಿನ ಒಳಗಿರುವಷ್ಟು ಕಾಲ ಅದರಿಂದ ದೊಡ್ಡ ಭಯವಿಲ್ಲ. ಆದರೆ ಮನೆಯಲ್ಲಿ ಅಜ್ಜನ ಹಳೆಯ ಗಡಿಯಾರವಿದ್ದರೆ ಅದನ್ನು ತೆರೆದು ಉಗುರಿನಿಂದ ಕೆರೆಯಬಾರದು. ಪುಡಿ ಉಸಿರಿನಲ್ಲಿ ಸೇರಿದರೆ ಕೆಡುಕು.

ಎಲ್ಲವನ್ನೂ ಕೂಡಿಸಿ ತೂಗುಚಕ್ರವನ್ನು ಇಟ್ಟೊಡನೆ ಅದು ತಾನಾಗಿ ಆಡಲಾರಂಭಿಸಿತು. ಇದರ ನಡಿಗೆ ಗಂಟೆಗೆ 18,000 ಬಡಿತ; ಎಂದರೆ ಸೆಕೆಂಡಿಗೆ ಐದು. ದಿನಕ್ಕೆ ಎಷ್ಟೆಂದು ಗುಣಿಸಿ ನೋಡಿ: 4,32,000. ನಮ್ಮ ಪಂಚಾಂಗದವರು ಕಲಿಯುಗಕ್ಕೆ ಹೇಳುವ ವರ್ಷಗಳ ಸಂಖ್ಯೆಯೂ ಅಷ್ಟೇ! ಒಂದು ಯುಗಕ್ಕೆ ಎಷ್ಟು ವರ್ಷವೋ ಈ ಪುಟ್ಟ ಯಂತ್ರಕ್ಕೆ ಒಂದು ದಿನದಲ್ಲಿ ಅಷ್ಟು ಹೆಜ್ಜೆ. ವರ್ಷಕ್ಕೆ 15 ಕೋಟಿ 76 ಲಕ್ಷ 80 ಸಾವಿರ ಹೆಜ್ಜೆ. ಈಗ ಅದು ದಿನಕ್ಕೆ ಸುಮಾರು 20 ಸೆಕೆಂಡು ಮುಂದೆ ಹೋಗುತ್ತದೆ. ದಿನದಲ್ಲಿ 86,400 ಸೆಕೆಂಡುಗಳು. ಆದುದರಿಂದ ತಪ್ಪು 4,320ರಲ್ಲಿ ಒಂದು ಪಾಲು. ನೂರಕ್ಕೆ 99.97 ಅಂಕ ಎನ್ನಬಹುದು. ಎಪ್ಪತ್ತೈದು ದಾಟಿದ ಈ ವೃದ್ಧ ವಿದ್ಯಾರ್ಥಿಯಷ್ಟು ಅಂಕ ತೆಗೆದವರು ನಮ್ಮ ಗಣಿತದ ತರಗತಿಯಲ್ಲಿ ಇನ್ನೂ ಬಂದಿಲ್ಲವೆಂಬುದನ್ನು ವಿಷಾದದಿಂದ ತಿಳಿಸಬೇಕಾಗಿದೆ.

ಮುಖವನ್ನು ಏನು ಮಾಡಲಿ ಎಂದು ಚಾಚಾ ಕೇಳಿದರು. ಆ ಸುಳ್ಳು ಹೆಸರನ್ನು ಅಳಿಸಿ, ಮೂಲದಲ್ಲಿ ಹೇಗಿತ್ತೋ ಹಾಗೆ ಬರೆಸಬಹುದಾಗಿತ್ತು. ಆದರೆ ಮೂಲದಲ್ಲಿ ಹೇಗಿತ್ತೆಂಬುದನ್ನು ಕಂಡವರು ಯಾರು? ನಾವು ಬರೆಸುವುದೂ ಮತ್ತೊಂದು ಊಹೆಯೇ ಆಗುತ್ತಿತ್ತು. ಅಲ್ಲದೆ ಅರುವತ್ತು ವರ್ಷ ಆ ಉಪಾಧ್ಯಾಯರು ರಾತ್ರಿಯ ಪಾಠ ಮುಗಿಸಲು ನೋಡುತ್ತಿದ್ದುದು ಇದೇ ಮುಖವನ್ನು. ಇದನ್ನು ಬಳಿದ ಕೈಯೂ ಗಡಿಯಾರದ ಚರಿತ್ರೆಯಲ್ಲಿ ಸೇರಿಹೋಗಿದೆ. ಇರುವಂತೆಯೇ ಇರಲಿ ಎಂದೆವು. ಮುಂದೆ ಇದನ್ನು ಯಾರಿಗಾದರೂ ಕೊಡಬೇಕಾದ ದಿನ ಬಂದರೆ ತಿಳಿದಿರಲೆಂದು, ಯಾವುದು ಮೂಲದ್ದು, ಯಾವುದು ಆಮೇಲಿನದು ಎಂಬುದನ್ನು ಒಂದು ಚೀಟಿಯಲ್ಲಿ ಬರೆದು ಗಡಿಯಾರದ ಜೊತೆಯಲ್ಲಿಯೇ ಇಟ್ಟಿದ್ದೇವೆ. ಚಾಚಾ ಮುಚ್ಚಳ ಹಾಕುವ ಮೊದಲು ಸೂಜಿಯಿಂದ ಎಂಟನೆಯ ಗುರುತನ್ನು ಗೀಚಿದರು.

ಇಂಥ ಗಡಿಯಾರವನ್ನು ನೋಡಿಕೊಳ್ಳುವ ಕ್ರಮ ಕಷ್ಟವಾದದ್ದಲ್ಲ. ಪ್ರತಿದಿನ ಬೆಳಿಗ್ಗೆ ಒಂದೇ ಹೊತ್ತಿಗೆ ಕೀಲಿ ಕೊಡಬೇಕು. ಬಿಗಿ ತಗುಲಿದೊಡನೆ ನಿಲ್ಲಿಸಬೇಕು. ಜೂನಿನಿಂದ ಸೆಪ್ಟೆಂಬರಿನ ವರೆಗೆ, ಮುಂಬಯಿಯ ಮಳೆಯಲ್ಲಿ ಅದನ್ನು ಹೊರಗೆ ಕಟ್ಟಬಾರದು. ಮೊಬೈಲು, ಧ್ವನಿಪೆಟ್ಟಿಗೆ ಮುಂತಾದವುಗಳ ಅಯಸ್ಕಾಂತದ ಬಳಿ ಇಡಬಾರದು. ಸುರುಳಿಗೆ ಕಾಂತಶಕ್ತಿ ಹಿಡಿದರೆ ಅದು ದಿಕ್ಕೆಟ್ಟು ಓಡುತ್ತದೆ. ಬಿದ್ದರೆ ಆಘಾತವನ್ನು ತಡೆದುಕೊಳ್ಳುವ ಸ್ಪ್ರಿಂಗು ಈ ಯಂತ್ರದಲ್ಲಿಲ್ಲವಾದ್ದರಿಂದ ಕೈಜಾರಬಾರದು. ನಿಮ್ಮ ಮನೆಗಳಲ್ಲಿಯೂ ಅಜ್ಜನ ಗಡಿಯಾರವೋ, ಅಜ್ಜಿಯ ಹಿತ್ತಾಳೆಯ ಪಾತ್ರೆಯೋ, ಊರಿನಿಂದ ಬಂದ ಪೆಟ್ಟಿಗೆಯೋ ಇರಬಹುದು. ಈ ರಜೆಯಲ್ಲಿ ಅದನ್ನು ತಿರುಗಿಸಿ ಬೆನ್ನನ್ನು ನೋಡಿ. ಕಂಡ ಅಕ್ಷರವನ್ನೂ ಅಂಕಿಯನ್ನೂ ಬರೆದುಕೊಳ್ಳಿ. ಮನೆಯ ಹಿರಿಯರು ಹೇಳುವುದನ್ನು ಅದರ ಪಕ್ಕದಲ್ಲಿ ಬರೆಯಿರಿ. ಎರಡೂ ಹೊಂದದಿದ್ದರೆ ಅವಸರದಿಂದ ಯಾರನ್ನೂ ಸುಳ್ಳರೆನ್ನಬೇಡಿ.

ಈ ಗಡಿಯಾರವನ್ನು ನೋಡಬಯಸುವವರು ಯಾವ ಶನಿವಾರವಾದರೂ ಶಾಲೆ ಬಿಟ್ಟ ಮೇಲೆ ಉಪಾಧ್ಯಾಯರ ಕೊಠಡಿಗೆ ಬರಬಹುದು. ಕೈ ಒದ್ದೆಯಿರಬಾರದು, ಒಬ್ಬೊಬ್ಬರಾಗಿ ಬರಬೇಕು. ಚಾಚಾ ಕೊಟ್ಟ ಹಳೆಯ ಮಸೂರವೊಂದು ನಮ್ಮ ಮೇಜಿನ ಖಾನೆಯಲ್ಲಿದೆ.